ಮೊಹರು ಯಾರ ಕೈಗೆ?

ಒಂದು ದೇಶದ ಪ್ರಜಾಪ್ರಭುತ್ವವನ್ನು ಕೊಂಡಾಡುವವರು ಅದರ ಸಂವಿಧಾನವನ್ನು ಉಲ್ಲೇಖಿಸುತ್ತಾರೆ, ಚುನಾವಣೆಗಳನ್ನು ಎಣಿಸುತ್ತಾರೆ, ಮಹಾಪುರುಷರ ಭಾಷಣಗಳನ್ನು ನೆನಪಿಸುತ್ತಾರೆ. ಸಾಮಾನ್ಯ ಕುಟುಂಬವೊಂದು ಸರಕಾರವನ್ನು ಮುಖಾಮುಖಿಯಾಗುವುದು ಮಾತ್ರ ಬೇರೆಯೇ ಸ್ಥಳದಲ್ಲಿ. ಮನೆ ಮಾರುವಾಗ, ಪಡೆದ ಸಾಲ ತೀರಿಸಲಾಗದೆ ಹೋದಾಗ, ಗಂಡ ತೀರಿಹೋದ ಮೇಲೆ ಪಿಂಚಣಿಗೆ ಅರ್ಜಿ ಹಾಕುವಾಗ ಅದು ಸರಕಾರದ ಎದುರು ನಿಲ್ಲುತ್ತದೆ. ಮೇಜಿನ ಆಚೆ ಕುಳಿತವನ ಕೈಯಲ್ಲಿ ಒಂದು ಮೊಹರು ಇರುತ್ತದೆ. ಆ ಮೊಹರನ್ನು ಅವನಿಗೆ ಕೊಟ್ಟವರು ಯಾರು? ಯಾವ ಅರ್ಹತೆ ನೋಡಿ ಕೊಟ್ಟರು? ಯಾರಿಗೆ ಕೊಡಲು ನಿರಾಕರಿಸಿದರು? ಈ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಆ ಪ್ರಜಾಪ್ರಭುತ್ವದ ನಿಜವಾದ ಜಾತಕ.

ಹತ್ತೊಂಬತ್ತನೆಯ ಶತಮಾನದ ಅಮೇರಿಕವನ್ನು ಸ್ಥಳೀಯ ಸ್ವರಾಜ್ಯದ ತವರೆಂದು ಬಣ್ಣಿಸುವ ವಾಡಿಕೆ ಇಂದಿಗೂ ನಿಂತಿಲ್ಲ. ಸಣ್ಣ ಪಟ್ಟಣಗಳ ಜನ ತಮ್ಮ ವ್ಯವಹಾರಗಳನ್ನು ತಾವೇ ನಡೆಸಿಕೊಂಡರು, ತಮ್ಮ ಅಧಿಕಾರಿಗಳನ್ನು ತಾವೇ ಆರಿಸಿಕೊಂಡರು ಎಂಬ ಚಿತ್ರವನ್ನು ನಮ್ಮ ಪಠ್ಯಪುಸ್ತಕಗಳೂ ಮೆಚ್ಚುಗೆಯಿಂದ ಬರೆಯುತ್ತವೆ. ಈ ಚಿತ್ರದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಅದೇ ಪಟ್ಟಣಗಳ ನೋಟರಿಯ ನೇಮಕ ಹೇಗೆ ನಡೆಯಿತೆಂಬುದನ್ನು ನೋಡಿದರೆ ಚಿತ್ರದ ಮೇಲಿನ ಬಣ್ಣ ಸಾಕಷ್ಟು ಕಳಚಿ ಬೀಳುತ್ತದೆ. ಹುದ್ದೆ ಚಿಕ್ಕದು, ಸಂಬಳವಿಲ್ಲದ್ದು. ಚರಿತ್ರೆಕಾರರು ಅದರತ್ತ ಕಣ್ಣು ಹಾಯಿಸಿದ್ದು ಕಡಿಮೆ. ಅನ್ಯಾಯ ನೆಮ್ಮದಿಯಿಂದ ಮನೆ ಮಾಡಿಕೊಳ್ಳುವುದು ಇಂತಹ ಯಾರ ಗಮನವೂ ಹೋಗದ ಸ್ಥಳಗಳಲ್ಲಿಯೇ.

ಸಣ್ಣ ಹುದ್ದೆ, ದೊಡ್ಡ ವಿಶ್ವಾಸ

ಆ ಕಾಲದ ನೋಟರಿಯ ಕೆಲಸ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಹುಂಡಿ ಮತ್ತು ಸಾಲಪತ್ರಗಳಿಗೆ ಸಂಬಂಧಿಸಿದ್ದು. ಗಡುವಿನ ದಿನ ಹಣ ಪಾವತಿಯಾಗದಿದ್ದರೆ ನೋಟರಿ ಆ ಕಾಗದವನ್ನು ಸಾಲಗಾರನ ಮುಂದಿಟ್ಟು ಹಣ ಕೇಳಬೇಕು. ಕೊಡದಿದ್ದರೆ ಅದನ್ನು 'ಪ್ರೊಟೆಸ್ಟ್' ಎಂದು ದಾಖಲಿಸಬೇಕು. ಹಿಂಬರಹ ಮಾಡಿ ಹೊಣೆ ಹೊತ್ತವರಿಗೆ ಸೂಚನೆ ಕಳುಹಿಸಬೇಕು. ಆ ದಾಖಲೆಯೇ ನ್ಯಾಯಾಲಯದಲ್ಲಿ ಸಾಕ್ಷ್ಯ. ಎರಡನೆಯದು ಕ್ರಯಪತ್ರ, ಅಡಮಾನಪತ್ರಗಳ ದೃಢೀಕರಣ. ಸಹಿ ಹಾಕಿದವನು ಅವನೇ, ಸ್ವಇಚ್ಛೆಯಿಂದಲೇ ಹಾಕಿದ್ದಾನೆ ಎಂದು ನೋಟರಿ ಬರೆದುಕೊಡಬೇಕು. ಮೂರನೆಯದು ಪ್ರಮಾಣ ಮಾಡಿಸಿ ಅಫಿಡವಿಟ್ ಪಡೆಯುವುದು. ಆರಂಭದಲ್ಲಿ ಬಂದರು ಪಟ್ಟಣಗಳ ವ್ಯಾಪಾರಿಗಳಿಗಷ್ಟೇ ಬೇಕಾಗಿದ್ದ ಈ ಹುದ್ದೆ ಬ್ಯಾಂಕುಗಳು, ಭೂಮಿಯ ಮಾರಾಟ, ರೈಲುಮಾರ್ಗಗಳು ಒಳನಾಡಿಗೆ ಸಾಗಿದಂತೆ ಪ್ರತಿ ಪಟ್ಟಣಕ್ಕೂ ಅನಿವಾರ್ಯವಾಯಿತು.

ಮೊಹರು ಪಡೆದವನಿಗೆ ಸರಕಾರ ಸಂಬಳ ಕೊಡುತ್ತಿರಲಿಲ್ಲ. ಕಾನೂನು ನಿಗದಿಪಡಿಸಿದ ಶುಲ್ಕವನ್ನು ಅವನು ಜನರಿಂದಲೇ ಪಡೆಯುತ್ತಿದ್ದ. ಆದ್ದರಿಂದ ನೋಟರಿಗಿರಿ ಬಹುತೇಕ ಕಡೆಗಳಲ್ಲಿ ಉಪಕಸುಬಾಯಿತು. ವಕೀಲ, ಭೂಮಿಯ ದಲ್ಲಾಳಿ, ವಿಮಾ ಏಜೆಂಟ್, ಬ್ಯಾಂಕಿನ ಗುಮಾಸ್ತ ಇವರೇ ನೋಟರಿಗಳು. ಪರಿಣಾಮವನ್ನು ಊಹಿಸುವುದು ಕಷ್ಟವೇನಲ್ಲ. ಬ್ಯಾಂಕಿನ ಸಾಲಪತ್ರವನ್ನು ಪ್ರೊಟೆಸ್ಟ್ ಮಾಡುವವನು ಅದೇ ಬ್ಯಾಂಕಿನಿಂದ ಅನ್ನ ಉಣ್ಣುವವನಾದರೆ, ಭೂಮಿ ಮಾರಾಟದ ದಲ್ಲಾಳಿಯೇ ಆ ಮಾರಾಟದ ಕ್ರಯಪತ್ರವನ್ನು ದೃಢೀಕರಿಸುವವನಾದರೆ, ಮೇಜಿನ ಈಚೆ ನಿಂತ ಬಡವನಿಗೆ ಉಳಿಯುವ ರಕ್ಷಣೆ ಯಾವುದು?

ನೇಮಿಸಿದವರು ಯಾರು?

ಫ್ರೆಂಚ್ ಚಿಂತಕ ಟಾಕ್ವಿಲ್ 1831ರಲ್ಲಿ ಅಮೇರಿಕದಲ್ಲಿ ಸಂಚರಿಸಿ, 1835ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಮೊದಲ ಭಾಗವನ್ನು ಪ್ರಕಟಿಸಿದ. ನ್ಯೂ ಇಂಗ್ಲೆಂಡಿನ ಪಟ್ಟಣಸಭೆಗಳನ್ನು ಆತ ಮನತುಂಬಿ ಹೊಗಳಿದ. ಪಟ್ಟಣದ ಆಡಳಿತಗಾರರು, ಗುಮಾಸ್ತ, ಖಜಾಂಚಿ, ಕಾನ್ಸ್ಟೇಬಲ್ ಇವರೆಲ್ಲರನ್ನೂ ಜನರೇ ವರ್ಷ ವರ್ಷ ಆರಿಸುತ್ತಿದ್ದರು ಎಂಬುದು ನಿಜ. ಆದರೆ ನೋಟರಿಯನ್ನು ಪಟ್ಟಣಸಭೆ ಆರಿಸುತ್ತಿರಲಿಲ್ಲ. ಮೆಸಾಚುಸೆಟ್ಸ್‌ನ 1780ರ ಸಂವಿಧಾನ ನೋಟರಿಗಳನ್ನು ಪ್ರತಿ ವರ್ಷ ಶಾಸಕಾಂಗದ ಎರಡೂ ಸದನಗಳು ಜಂಟಿ ಮತದಾನದ ಮೂಲಕ ಆರಿಸಬೇಕೆಂದಿತು. 1821ರ ತಿದ್ದುಪಡಿ ಆ ಅಧಿಕಾರವನ್ನು ಗವರ್ನರನಿಗೂ ಅವನ ಸಲಹಾ ಮಂಡಳಿಗೂ ವರ್ಗಾಯಿಸಿ, ಅವಧಿಯನ್ನು ಏಳು ವರ್ಷಕ್ಕೆ ನಿಗದಿಪಡಿಸಿತು. ಬಹುತೇಕ ರಾಜ್ಯಗಳಲ್ಲಿ ನೋಟರಿಯ ನೇಮಕಪತ್ರ ಬಂದದ್ದು ಗವರ್ನರನ ಕಚೇರಿಯಿಂದ. ಅಂದರೆ ಊರಿನವರ ಬದುಕಿನ ಕಾಗದಪತ್ರಗಳಿಗೆ ಸಾಕ್ಷಿಯಾಗುವವನನ್ನು ಊರಿನವರು ಆರಿಸಲಿಲ್ಲ, ದೂರದ ರಾಜಧಾನಿ ಆರಿಸಿತು. ರಾಜಧಾನಿಗೆ ಆ ಊರಿನ ಪರಿಚಯವಿದ್ದದ್ದು ಅಲ್ಲಿನ ಶಾಸಕನ ಅಥವಾ ಪಕ್ಷದ ಮುಖಂಡನ ಮೂಲಕ ಮಾತ್ರ.

ನ್ಯೂಯಾರ್ಕ್ ರಾಜ್ಯದ ಉದಾಹರಣೆ ಇನ್ನೂ ಬೋಧಪ್ರದವಾದುದು. ಅಲ್ಲಿನ 1777ರ ಸಂವಿಧಾನ 'ನೇಮಕಾತಿ ಮಂಡಳಿ' ಎಂಬ ಸಂಸ್ಥೆಯನ್ನು ಸೃಷ್ಟಿಸಿತು. ಗವರ್ನರ್ ಮತ್ತು ನಾಲ್ವರು ಸೆನೆಟರುಗಳು, ಒಟ್ಟು ಐವರು. ನಗರದ ಮೇಯರನಿಂದ ಹಿಡಿದು ಹಳ್ಳಿಯ ಶಾಂತಿ ನ್ಯಾಯಾಧೀಶನವರೆಗೆ ನೇಮಕವೆಲ್ಲ ಇವರ ಕೈಯಲ್ಲಿ. 1821ರ ಸಂವಿಧಾನ ಸಭೆಯಲ್ಲಿ ಲೆಕ್ಕ ಹಾಕಿದಾಗ ಮಂಡಳಿಯ ಹಿಡಿತದಲ್ಲಿದ್ದ ಹುದ್ದೆಗಳು 14,950. ಅವುಗಳಲ್ಲಿ 8,287 ಸೈನಿಕ ಹುದ್ದೆಗಳು, 6,663 ನಾಗರಿಕ ಹುದ್ದೆಗಳು. ಚುನಾವಣೆಯಲ್ಲಿ ಪಕ್ಷ ಬದಲಾದರೆ ಮಂಡಳಿ ಬದಲಾಗುತ್ತಿತ್ತು. ಮಂಡಳಿ ಬದಲಾದರೆ ರಾಜ್ಯದುದ್ದಕ್ಕೂ ತಲೆಗಳು ಉರುಳುತ್ತಿದ್ದವು. 1801ರಲ್ಲಿ ಡೆವಿಟ್ ಕ್ಲಿಂಟನ್ ಮಂಡಳಿಯ ಸದಸ್ಯನಾಗಿದ್ದಾಗ ಎದುರು ಪಕ್ಷದವರನ್ನು ಸಾಮೂಹಿಕವಾಗಿ ಕಿತ್ತೊಗೆದದ್ದು ಆ ರಾಜ್ಯದ ರಾಜಕೀಯದಲ್ಲಿ ಒಂದು ಕೆಟ್ಟ ಪರಂಪರೆಗೆ ನಾಂದಿ ಹಾಡಿತು. ಜನರ ಅಸಮಾಧಾನ ತಾಳಲಾರದೆ 1821ರ ಸಂವಿಧಾನ ಸಭೆ ಮಂಡಳಿಯನ್ನೇ ರದ್ದುಪಡಿಸಿತು. ಮಂಡಳಿ ಹೋಯಿತು, ಮನೋಭಾವ ಉಳಿಯಿತು.

ಖರ್ಚಿಲ್ಲದ ಉಡುಗೊರೆ

ಅಧ್ಯಕ್ಷ ಆಂಡ್ರೂ ಜಾಕ್ಸನ್ 1829ರಲ್ಲಿ ಸಂಸತ್ತಿಗೆ ಕಳುಹಿಸಿದ ತನ್ನ ಮೊದಲ ವಾರ್ಷಿಕ ಸಂದೇಶದಲ್ಲಿ, ಸಾರ್ವಜನಿಕ ಹುದ್ದೆಗಳ ಕರ್ತವ್ಯ ಬಹಳ ಸರಳವಾದುದು, ಬುದ್ಧಿಯುಳ್ಳ ಯಾರಾದರೂ ಅದನ್ನು ನಿರ್ವಹಿಸಲು ಬೇಗನೆ ಕಲಿಯಬಲ್ಲರು ಎಂಬ ತತ್ವವನ್ನು ಮುಂದಿಟ್ಟ. ಕೇಳಲು ಇದು ಸಮಾನತೆಯ ಮಾತೇ. ಮೂರು ವರ್ಷ ಕಳೆಯುವಷ್ಟರಲ್ಲಿ, 1832ರಲ್ಲಿ, ನ್ಯೂಯಾರ್ಕಿನ ಸೆನೆಟರ್ ವಿಲಿಯಂ ಮಾರ್ಸಿ ಅದರ ಒಳಗುಟ್ಟನ್ನು ಸೆನೆಟಿನಲ್ಲಿಯೇ ಬಿಚ್ಚಿಟ್ಟ. ಯುದ್ಧದಲ್ಲಿ ಗೆದ್ದವನಿಗೆ ಕೊಳ್ಳೆಯ ಮಾಲು ಸಲ್ಲುವಂತೆ ಚುನಾವಣೆಯಲ್ಲಿ ಗೆದ್ದವರಿಗೆ ಹುದ್ದೆಗಳು ಸಲ್ಲಬೇಕೆಂಬುದು ಅವನ ಮಾತಿನ ಸಾರ. 'ಕೊಳ್ಳೆ ಪದ್ಧತಿ' ಎಂಬ ಹೆಸರು ಅಮೇರಿಕದ ರಾಜಕೀಯಕ್ಕೆ ಅಂಟಿಕೊಂಡದ್ದು ಹೀಗೆ.

ಈ ಪದ್ಧತಿಗೆ ನೋಟರಿಯ ಮೊಹರಿಗಿಂತ ಅಗ್ಗದ ನಾಣ್ಯ ಬೇರೆ ಯಾವುದಿತ್ತು? ಅಂಚೆ ಅಧಿಕಾರಿಯನ್ನು ನೇಮಿಸಿದರೆ ಸಂಬಳ ಕೊಡಬೇಕು. ಸುಂಕದ ಅಧಿಕಾರಿಯ ಹುದ್ದೆ ಬಂದರಿಗೆ ಒಂದೋ ಎರಡೋ. ನೋಟರಿಯ ನೇಮಕಪತ್ರಕ್ಕೆ ಖಜಾನೆಯಿಂದ ಒಂದು ಸೆಂಟೂ ವ್ಯಯವಾಗದು. ಕಾರ್ಯಕರ್ತನಿಗೆ ಗೌರವ ಸಿಗುತ್ತದೆ, ಅಂಗಡಿಯ ಬಾಗಿಲಿಗೆ ತೂಗು ಹಾಕಲು ಒಂದು ಫಲಕ ಸಿಗುತ್ತದೆ, ಜನರಿಂದ ಶುಲ್ಕ ಸಿಗುತ್ತದೆ. ಪಕ್ಷಕ್ಕೆ ಪಟ್ಟಣದಲ್ಲಿ ಒಬ್ಬ ಋಣಿ ಸಿಗುತ್ತಾನೆ. ನಷ್ಟವಾದರೆ ಅದು ಸಾಲಗಾರನದು, ವಿಧವೆಯದು, ಓದುಬರಹ ಬಾರದ ರೈತನದು. ನೆವಾಡಾದಲ್ಲಿ ಪತ್ರಕರ್ತನಾಗಿದ್ದ ಮಾರ್ಕ್ ಟ್ವೈನ್ 1864ರಲ್ಲಿ ನೋಟರಿ ಹುದ್ದೆಗಾಗಿ ಗವರ್ನರನ ಬಾಗಿಲಿಗೆ ಮುತ್ತಿಗೆ ಹಾಕಿದ ಅಭ್ಯರ್ಥಿಗಳ ದಂಡನ್ನು ಗೇಲಿ ಮಾಡಿ ಬರೆದ. ನಗೆಬರಹಗಾರನ ಉತ್ಪ್ರೇಕ್ಷೆ ಅದರಲ್ಲಿದೆ. ಆದರೆ ಓದುಗರಿಗೆ ಪರಿಚಿತವಲ್ಲದ ದೃಶ್ಯವನ್ನು ಯಾರೂ ಗೇಲಿ ಮಾಡಲಾರರು.

ಹುದ್ದೆ ಸಿಗದೆ ನಿರಾಶನಾದ ವ್ಯಕ್ತಿಯೊಬ್ಬ 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡಿಕ್ಕಿದ ಮೇಲಷ್ಟೇ ಆ ದೇಶ ಎಚ್ಚೆತ್ತಿತು. 1883ರಲ್ಲಿ ಪೆಂಡಲ್ಟನ್ ಕಾನೂನು ಬಂದು, ಕೇಂದ್ರ ಸರಕಾರದ ಒಂದಷ್ಟು ಹುದ್ದೆಗಳಿಗೆ ಪರೀಕ್ಷೆ ಕಡ್ಡಾಯವಾಯಿತು. ರಾಜ್ಯಗಳ ಗವರ್ನರುಗಳು ಹಂಚುತ್ತಿದ್ದ ನೋಟರಿಯ ಮೊಹರನ್ನು ಆ ಕಾನೂನು ಮುಟ್ಟಲಿಲ್ಲ. ಅಧ್ಯಕ್ಷನ ಪ್ರಾಣಕ್ಕೆ ಕುತ್ತು ಬಂದಾಗ ಸುಧಾರಣೆ ನೆನಪಾಯಿತು. ಪಟ್ಟಣದ ಬಡವನ ಕ್ರಯಪತ್ರಕ್ಕೆ ಕುತ್ತು ಬಂದಾಗ ಯಾರಿಗೂ ಏನೂ ನೆನಪಾಗಲಿಲ್ಲ.

ಸಮರ್ಥಕರ ವಾದ

ಇದಕ್ಕೆ ಸಮರ್ಥಕರ ಬಳಿ ಒಂದು ಉತ್ತರವಿದೆ. ಅದನ್ನು ಪ್ರಾಮಾಣಿಕವಾಗಿ ಕೇಳಬೇಕಾದುದು ನ್ಯಾಯ. ಇಂಗ್ಲೆಂಡಿನಲ್ಲಿ ನೋಟರಿಯ ನೇಮಕ 1533ರ ಕಾನೂನಿನಿಂದ ಕ್ಯಾಂಟರ್ಬರಿಯ ಆರ್ಚ್‌ಬಿಷಪನ ಕಚೇರಿಗೆ ಸೇರಿತ್ತು. 1801ರ ಕಾನೂನು ಏಳು ವರ್ಷಗಳ ಶಿಷ್ಯವೃತ್ತಿಯನ್ನು ಕಡ್ಡಾಯಗೊಳಿಸಿತು. ಫ್ರಾನ್ಸಿನಲ್ಲಿ 1816ರ ಕಾನೂನು ನೋಟರಿಗೆ ತನ್ನ ಉತ್ತರಾಧಿಕಾರಿಯನ್ನು ತಾನೇ ಸೂಚಿಸುವ ಅವಕಾಶವಿತ್ತು. ಹುದ್ದೆ ಮಾರಾಟದ ಸರಕಾಯಿತು. ಇಂತಹ ಮುಚ್ಚಿದ ಕೂಟಗಳಿಗಿಂತ, ಸಾಮಾನ್ಯನೂ ಮೊಹರು ಪಡೆಯಬಹುದಾದ ಅಮೇರಿಕದ ಪದ್ಧತಿ ಮೇಲಲ್ಲವೇ? ಕೆಲಸ ಅಗ್ಗವಾಯಿತು, ಹತ್ತಿರವಾಯಿತು, ಹಳ್ಳಿಯವನು ನಗರಕ್ಕೆ ಅಲೆಯುವುದು ತಪ್ಪಿತು. ಇದು ಅವರ ವಾದ.

ಅಗ್ಗವಾದದ್ದು, ಹತ್ತಿರವಾದದ್ದು ನಿಜ. ಆದರೆ 'ಸಾಮಾನ್ಯನಿಗೂ ಬಾಗಿಲು ತೆರೆಯಿತು' ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಸಾಮಾನ್ಯನೆಂದರೆ ಯಾರು? ಹುದ್ದೆ ಅಷ್ಟೊಂದು ಸರಳವಾಗಿದ್ದರೆ, ಬುದ್ಧಿಯುಳ್ಳ ಯಾರು ಬೇಕಾದರೂ ಮಾಡಬಲ್ಲ ಕೆಲಸವಾಗಿದ್ದರೆ, ಅದನ್ನು ಕೇಳಿದ ಯಹೂದಿಗೆ, ಮಹಿಳೆಗೆ, ಕರಿಯನಿಗೆ ಇಲ್ಲವೆಂದದ್ದು ಏಕೆ? ಜಾಕ್ಸನ್‌ನ ತತ್ವ ತನ್ನ ಪಕ್ಷದವನ ಮುಂದೆ ಬಾಗಿಲು ತೆರೆಯಿತು, ಉಳಿದವರ ಮುಂದೆ ಅದೇ ಬಾಗಿಲಿಗೆ ಅಗುಳಿ ಹಾಕಿತು.

ಧರ್ಮದ ಅಗುಳಿ

ಅಮೇರಿಕದ 1787ರ ಸಂವಿಧಾನ ಸಾರ್ವಜನಿಕ ಹುದ್ದೆಗೆ ಧಾರ್ಮಿಕ ಪರೀಕ್ಷೆ ಇರಕೂಡದೆಂದು ಸಾರಿತು. ಈ ವಾಕ್ಯವನ್ನು ಉದ್ಧರಿಸುವವರು ಅದು ಕೇಂದ್ರ ಸರಕಾರದ ಹುದ್ದೆಗಳಿಗೆ ಸೀಮಿತವಾಗಿತ್ತೆಂಬುದನ್ನು ಹೇಳುವುದಿಲ್ಲ. ಮೇರಿಲ್ಯಾಂಡಿನ 1776ರ ಸಂವಿಧಾನದ ಪ್ರಕಾರ, ಅಧಿಕಾರದ ಯಾವುದೇ ಸ್ಥಾನಕ್ಕೆ ಏರುವವನು ಕ್ರೈಸ್ತ ಧರ್ಮದಲ್ಲಿ ತನ್ನ ವಿಶ್ವಾಸವನ್ನು ಘೋಷಿಸಬೇಕಿತ್ತು. ಬಾಲ್ಟಿಮೋರ್ ಬಂದರಿನ ಯಹೂದಿ ವ್ಯಾಪಾರಿ ಹುಂಡಿ ಬರೆಯಬಹುದಿತ್ತು, ತೆರಿಗೆ ಕಟ್ಟಬಹುದಿತ್ತು; ರಾಜ್ಯದ ಯಾವ ಹುದ್ದೆಯನ್ನೂ ಅವನು ಕೇಳುವಂತಿರಲಿಲ್ಲ. ಥಾಮಸ್ ಕೆನಡಿ ಎಂಬ ಕ್ರೈಸ್ತ ಶಾಸಕ 1818ರಿಂದ ಇದರ ವಿರುದ್ಧ ಹೋರಾಡಿದ. ಈ ಹೋರಾಟದ ಬೆಲೆಯಾಗಿ 1823ರ ಚುನಾವಣೆಯಲ್ಲಿ ತನ್ನ ಸ್ಥಾನವನ್ನೇ ಕಳೆದುಕೊಂಡ. ಮರಳಿ ಗೆದ್ದು ಬಂದು ಹೋರಾಟ ಮುಂದುವರಿಸಿದ. 1826ರಲ್ಲಿ ತಿದ್ದುಪಡಿ ಅಂತಿಮವಾಗಿ ಜಾರಿಗೆ ಬಂತು. ಅದೇ ವರ್ಷ ಇಬ್ಬರು ಯಹೂದಿಗಳು ಬಾಲ್ಟಿಮೋರ್ ನಗರಸಭೆಗೆ ಆಯ್ಕೆಯಾದರು.

ತನ್ನದಲ್ಲದ ಸಮುದಾಯದ ಹಕ್ಕಿಗಾಗಿ ತನ್ನ ರಾಜಕೀಯ ಭವಿಷ್ಯವನ್ನು ಪಣಕ್ಕಿಟ್ಟ ಕೆನಡಿಯನ್ನು ಗೌರವದಿಂದ ನೆನೆಯೋಣ. ಆದರೆ ಅವನಿಗೆ ದೊರೆತ ಗೆಲುವು ಎಷ್ಟು ಇಕ್ಕಟ್ಟಾಗಿತ್ತೆಂಬುದನ್ನೂ ನೋಡೋಣ. ತಿದ್ದುಪಡಿ ಬಾಗಿಲು ತೆರೆದದ್ದು ಯಹೂದಿಗಳಿಗೆ ಮಾತ್ರ. ಅವರೂ ಪರಲೋಕದ ಪ್ರತಿಫಲ ಮತ್ತು ಶಿಕ್ಷೆಯಲ್ಲಿ ವಿಶ್ವಾಸವಿದೆಯೆಂದು ಘೋಷಿಸಬೇಕಿತ್ತು. ಕ್ರೈಸ್ತನೂ ಯಹೂದಿಯೂ ಅಲ್ಲದ ಮುಸಲ್ಮಾನನಂತಹವನಿಗೆ ಅಲ್ಲಿನ ಸಂವಿಧಾನ 1860ರ ದಶಕದವರೆಗೆ ಜಾಗ ಕೊಡಲಿಲ್ಲ. ನಾರ್ತ್ ಕೆರೊಲಿನಾದಲ್ಲಿ 1835ರ ತನಕ ಪ್ರಾಟೆಸ್ಟಂಟ್ ಧರ್ಮದ ಸತ್ಯವನ್ನು ನಿರಾಕರಿಸುವವನಿಗೆ ನಾಗರಿಕ ಹುದ್ದೆ ನಿಷಿದ್ಧವಾಗಿತ್ತು. ಆ ಬಳಿಕ 'ಪ್ರಾಟೆಸ್ಟಂಟ್' ಎಂಬಲ್ಲಿ 'ಕ್ರೈಸ್ತ' ಎಂದು ಬರೆದರು, ಅಷ್ಟೆ.

ಈ ಅಗುಳಿಯ ಕೊನೆಯ ತುಂಡನ್ನು ಮುರಿದದ್ದು ಒಬ್ಬ ನೋಟರಿ ಅಭ್ಯರ್ಥಿ ಎಂಬುದು ಗಮನಾರ್ಹ. ಮೇರಿಲ್ಯಾಂಡಿನ ಗವರ್ನರ್ ರಾಯ್ ಟೊರ್ಕಾಸೊ ಎಂಬವರನ್ನು ನೋಟರಿಯಾಗಿ ನೇಮಿಸಿದರು. ದೇವರ ಅಸ್ತಿತ್ವದಲ್ಲಿ ವಿಶ್ವಾಸವಿದೆಯೆಂದು ಘೋಷಿಸಲು ಅವರು ಒಪ್ಪದ ಕಾರಣ ನೇಮಕಪತ್ರವನ್ನು ಕೈಗೆ ಕೊಡಲಿಲ್ಲ. 1867ರ ರಾಜ್ಯ ಸಂವಿಧಾನದ ಆ ಷರತ್ತು ಅಸಿಂಧುವೆಂದು ಅಮೇರಿಕದ ಸುಪ್ರೀಂ ಕೋರ್ಟ್ 1961ರಲ್ಲಿ ಒಮ್ಮತದಿಂದ ತೀರ್ಪಿತ್ತಿತು. ಟೊರ್ಕಾಸೊ ಅವರ ನಾಸ್ತಿಕತೆಯನ್ನು ಒಪ್ಪದ ಧರ್ಮವಿಶ್ವಾಸಿಗೂ ಈ ತೀರ್ಪಿನಿಂದ ಲಾಭವಿದೆ. ಇಂದು ಒಬ್ಬನ ಅವಿಶ್ವಾಸವನ್ನು ವಿಚಾರಿಸುವ ಅಧಿಕಾರ ಪಡೆದ ಸರಕಾರ ನಾಳೆ ಇನ್ನೊಬ್ಬನ ವಿಶ್ವಾಸವನ್ನು ವಿಚಾರಿಸುತ್ತದೆ. ಅಲ್ಪಸಂಖ್ಯಾತನಾದವನು ಈ ಪಾಠವನ್ನು ಮರೆಯಬಾರದು.

ಮಹಿಳೆಯ ಸಹಿ, ಪುರುಷನ ಮೊಹರು

ಆ ಕಾಲದ ಅಮೇರಿಕದಲ್ಲಿ ವಿವಾಹಿತೆಗೆ ಕಾನೂನಿನ ದೃಷ್ಟಿಯಲ್ಲಿ ಗಂಡನಿಂದ ಪ್ರತ್ಯೇಕವಾದ ವ್ಯಕ್ತಿತ್ವವೇ ಇರಲಿಲ್ಲ. ಮಿಸಿಸಿಪ್ಪಿ 1839ರಲ್ಲಿ, ನ್ಯೂಯಾರ್ಕ್ 1848ರಲ್ಲಿ ಪತ್ನಿಯ ಆಸ್ತಿಹಕ್ಕನ್ನು ಮಾನ್ಯ ಮಾಡುವ ಕಾನೂನುಗಳನ್ನು ತಂದವು. ಅದಕ್ಕೆ ಮುಂಚೆ ಅವಳ ಆಸ್ತಿಯ ಮೇಲೆ ಯಜಮಾನಿಕೆ ಗಂಡನದೇ. ಗಂಡನ ಭೂಮಿಯಲ್ಲಿ ವಿಧವೆಗೆ ಸಲ್ಲುವ ಪಾಲನ್ನು ಅವಳು ಬಿಟ್ಟುಕೊಡಬೇಕಾದಾಗ ಹಲವು ರಾಜ್ಯಗಳ ಕಾನೂನು ಒಂದು ರಕ್ಷಣೆ ಒದಗಿಸಿತ್ತು. ದೃಢೀಕರಿಸುವ ಅಧಿಕಾರಿ ಅವಳನ್ನು ಗಂಡನಿಂದ ಪ್ರತ್ಯೇಕವಾಗಿ ಕೂರಿಸಿ, 'ಭಯ, ಬಲವಂತಗಳಿಲ್ಲದೆ ಸಹಿ ಹಾಕುತ್ತಿದ್ದೀರಾ?' ಎಂದು ಕೇಳಬೇಕಿತ್ತು. ಉದ್ದೇಶ ಒಳ್ಳೆಯದೇ. ಆದರೆ ಕೇಳುವವನು ಯಾರು? ಗಂಡನ ಪರಿಚಯದವನು, ಗಂಡನೊಂದಿಗೆ ವ್ಯವಹಾರ ಮಾಡುವವನು, ಅದೇ ಊರಿನ ಇನ್ನೊಬ್ಬ ಪುರುಷ. ತನ್ನ ಮನೆಯೊಳಗಿನ ಬೆದರಿಕೆಯನ್ನು ಅವಳು ಅವನ ಮುಂದೆ ಬಾಯಿಬಿಟ್ಟು ಹೇಳುವಳೇ? ಆ ಮೇಜಿನ ಹಿಂದೆ ಒಬ್ಬ ಮಹಿಳೆ ಇದ್ದಿದ್ದರೆ ಎಷ್ಟು ಆಸ್ತಿ ಉಳಿಯುತ್ತಿತ್ತೋ ಯಾರು ಬಲ್ಲರು?

ಮಹಿಳೆಯನ್ನು ಅಲ್ಲಿ ಕೂರಿಸಲು ನಿರಾಕರಿಸಿದವರು ಸಾಮಾನ್ಯ ಜನರಲ್ಲ, ಸರ್ವೋಚ್ಚ ನ್ಯಾಯಾಧೀಶರು. ಮೆಸಾಚುಸೆಟ್ಸ್‌ನ ನ್ಯಾಯಮೂರ್ತಿಗಳು 1871ರಲ್ಲಿ ಮಹಿಳೆ ಶಾಂತಿ ನ್ಯಾಯಾಧೀಶೆಯಾಗಲಾರಳೆಂದೂ 1890ರಲ್ಲಿ ನೋಟರಿಯಾಗಲಾರಳೆಂದೂ ಅಭಿಪ್ರಾಯವಿತ್ತರು. 1780ರಲ್ಲಿ ಸಂವಿಧಾನ ಬರೆದವರ ಮನಸ್ಸಿನಲ್ಲಿ ಮಹಿಳೆ ಇರಲಿಲ್ಲ, ಆದ್ದರಿಂದ ಇಂದೂ ಆಕೆಗೆ ಸ್ಥಾನವಿಲ್ಲ ಎಂಬ ಧಾಟಿಯ ತರ್ಕ ಅದು. ಇದಕ್ಕಿಂತ ವಿಚಿತ್ರವಾದುದು 1883ರಲ್ಲಿ ಅದೇ ರಾಜ್ಯ ಮಾಡಿದ ಕಾನೂನು. ಮಹಿಳಾ ವಕೀಲರನ್ನು 'ವಿಶೇಷ ಕಮಿಷನರ್' ಎಂಬ ಹೆಸರಿನಲ್ಲಿ ನೇಮಿಸಿ, ಪ್ರಮಾಣ ಮಾಡಿಸುವ, ದಸ್ತಾವೇಜು ದೃಢೀಕರಿಸುವ ಅಧಿಕಾರವನ್ನು ಅವರಿಗೆ ಕೊಡಬಹುದೆಂದು ಅದು ಹೇಳಿತು. ಅಂದರೆ ಆ ಕೆಲಸಕ್ಕೆ ಮಹಿಳೆ ಸಮರ್ಥಳೆಂಬುದನ್ನು ರಾಜ್ಯವೇ ಒಪ್ಪಿಕೊಂಡಿತ್ತು. ಕೆಲಸ ಕೊಟ್ಟರು, ಹೆಸರು ಕೊಡಲಿಲ್ಲ. ಕೊನೆಗೆ 1918ರಲ್ಲಿ ಸಂವಿಧಾನವನ್ನು ತಿದ್ದಿ ಮಹಿಳೆ ನೋಟರಿಯಾಗಬಹುದೆಂದು ಬರೆದರು. ಅದರಲ್ಲೂ ಒಂದು ಬಾಲಂಗೋಚಿ ಇತ್ತು: ಆಕೆಯ ಹೆಸರು ಬದಲಾದರೆ ನೇಮಕ ರದ್ದು, ಹೊಸ ಹೆಸರಿನಲ್ಲಿ ಮತ್ತೆ ನೇಮಕ ಪಡೆಯಬೇಕು. ಮದುವೆಯಾಗಿ ಹೆಸರು ಬದಲಾಗುವುದು ಯಾರದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲಿನಾಯ್ಸ್ ರಾಜ್ಯದ ಮೈರಾ ಬ್ರಾಡ್‌ವೆಲ್ 1868ರಲ್ಲಿ ಷಿಕಾಗೊದಲ್ಲಿ ಕಾನೂನು ವಾರಪತ್ರಿಕೆಯೊಂದನ್ನು ಸ್ಥಾಪಿಸಿ ಸಂಪಾದಿಸಿದ ವಿದುಷಿ. ಆಕೆಗೆ ವಕೀಲಿಕೆಯ ಸನದು ನಿರಾಕರಿಸಿದ್ದು ಸರಿಯೆಂದು ಅಮೇರಿಕದ ಸುಪ್ರೀಂ ಕೋರ್ಟ್ 1873ರಲ್ಲಿ ಹೇಳಿತು. ಪತ್ನಿಯಾಗಿ, ತಾಯಿಯಾಗಿ ಇರುವುದೇ ಹೆಣ್ಣಿಗೆ ವಿಧಿಸಿದ ಕರ್ತವ್ಯವೆಂದು ಒಬ್ಬ ನ್ಯಾಯಮೂರ್ತಿ ಉಪದೇಶವನ್ನೂ ಮಾಡಿದರು. ಆಕೆಯ ಪತಿ ಜೇಮ್ಸ್ ಬ್ರಾಡ್‌ವೆಲ್ ಶಾಸಕರಾಗಿದ್ದಾಗ, 1875ರಲ್ಲಿ, ಆ ರಾಜ್ಯ ಮಹಿಳೆಯರಿಗೆ ನೋಟರಿ ಹುದ್ದೆಯನ್ನು ಕಾನೂನಿನ ಮೂಲಕ ತೆರೆಯಿತು. ಒಂದು ರಾಜ್ಯಕ್ಕೆ 1875ರಲ್ಲಿ ಸಾಧ್ಯವಾದುದು ಇನ್ನೊಂದಕ್ಕೆ 1890ರಲ್ಲಿ ಅಸಾಧ್ಯವಾಗಿ ಕಂಡಿತೆಂದರೆ ಕೊರತೆಯಿದ್ದದ್ದು ಮಹಿಳೆಯ ಯೋಗ್ಯತೆಯಲ್ಲಲ್ಲ, ಪುರುಷನ ಮನಸ್ಸಿನಲ್ಲಿ.

ಮನುಷ್ಯರ ಕ್ರಯಪತ್ರ

ಮೊಹರಿನ ಅತ್ಯಂತ ಕರಾಳ ಅಧ್ಯಾಯ ದಕ್ಷಿಣದ ರಾಜ್ಯಗಳದು. ಲೂಸಿಯಾನಾದಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಪರಂಪರೆಯ ನೋಟರಿ ಪದ್ಧತಿ ಉಳಿದುಕೊಂಡಿತ್ತು. ಅಲ್ಲಿನ ನೋಟರಿ ದಸ್ತಾವೇಜನ್ನು ತಾನೇ ರಚಿಸಿ, ಮೂಲಪ್ರತಿಯನ್ನು ತನ್ನಲ್ಲಿ ಕಾಪಾಡುತ್ತಿದ್ದ. ಕಾನೂನು ಗುಲಾಮನನ್ನು ಸ್ಥಿರಾಸ್ತಿಯೆಂದು ಪರಿಗಣಿಸಿದ್ದರಿಂದ, ಹೊಲ ಮಾರಿದಂತೆಯೇ ಮನುಷ್ಯನನ್ನು ಮಾರಿದಾಗಲೂ ನೋಟರಿಯ ಮುಂದೆ ಪತ್ರವಾಗುತ್ತಿತ್ತು. ಹೆಸರು, ವಯಸ್ಸು, ಮೈಬಣ್ಣ, ಬೆಲೆ, ರೋಗವಿಲ್ಲವೆಂಬ ಖಾತರಿ ಎಲ್ಲವನ್ನೂ ಸುಂದರ ಅಕ್ಷರಗಳಲ್ಲಿ ಬರೆದು ಸಹಿ ಹಾಕಿಸಿದ ಕಾಗದಗಳು ನ್ಯೂ ಆರ್ಲಿಯನ್ಸ್‌ನ ನೋಟರಿ ದಾಖಲಾಗಾರದಲ್ಲಿ ಇಂದಿಗೂ ಇವೆ. ಸ್ವಇಚ್ಛೆಯನ್ನು ದೃಢೀಕರಿಸುವುದೇ ಕರ್ತವ್ಯವಾಗಿದ್ದ ಅಧಿಕಾರಿ, ಮಾರಾಟವಾಗುತ್ತಿದ್ದವನ ಇಚ್ಛೆಯನ್ನು ಮಾತ್ರ ಕೇಳಲಿಲ್ಲ.

1841ರ ನವೆಂಬರಿನಲ್ಲಿ 'ಕ್ರಿಯೋಲ್' ಎಂಬ ಹಡಗಿನಲ್ಲಿ ನ್ಯೂ ಆರ್ಲಿಯನ್ಸ್‌ನ ಮಾರುಕಟ್ಟೆಗೆ ಸಾಗಿಸಲಾಗುತ್ತಿದ್ದ ಗುಲಾಮರು ಬಂಡೆದ್ದು, ಹಡಗನ್ನು ಬ್ರಿಟಿಷರ ನಸ್ಸಾವ್ ಬಂದರಿಗೆ ತಿರುಗಿಸಿದರು. ನೂರಕ್ಕೂ ಹೆಚ್ಚು ಮಂದಿ ಸ್ವತಂತ್ರರಾದರು. ಹಡಗಿನ ಅಧಿಕಾರಿಗಳು ಮತ್ತು ನಾವಿಕರು ನ್ಯೂ ಆರ್ಲಿಯನ್ಸ್ ತಲುಪಿ ನೋಟರಿಯ ಮುಂದೆ ಪ್ರಮಾಣ ಮಾಡಿ ತಮ್ಮ 'ಪ್ರೊಟೆಸ್ಟ್' ದಾಖಲಿಸಿದರು. ಆ ಕಾಗದ ವಾಷಿಂಗ್ಟನ್ನಿನ ಸೆನೆಟಿನವರೆಗೂ ಹೋಯಿತು. 1855ರಲ್ಲಿ ಮಧ್ಯಸ್ಥಿಕೆಯ ತೀರ್ಪಿನಂತೆ ಯಜಮಾನರಿಗೆ ಒಂದು ಲಕ್ಷ ಡಾಲರಿಗೂ ಮಿಕ್ಕಿದ ಪರಿಹಾರ ದೊರೆಯಿತು. ಸ್ವಾತಂತ್ರ್ಯಕ್ಕಾಗಿ ಪ್ರಾಣ ಪಣಕ್ಕಿಟ್ಟವರ ಹೇಳಿಕೆಗೆ ಆ ದಾಖಲೆಯಲ್ಲಿ ಸ್ಥಳವಿರಲಿಲ್ಲ.

ಅಂತರ್ಯುದ್ಧದ ಬಳಿಕವೂ ಮೊಹರಿನ ನೆರಳು ಅವರನ್ನು ಬಿಡಲಿಲ್ಲ. ಒಕ್ಕೂಟದ ಸೇನೆಯಲ್ಲಿ ಸುಮಾರು 1,80,000 ಕರಿಯ ಸೈನಿಕರು ಹೋರಾಡಿದ್ದರು. ಅವರ ವಿಧವೆಯರು ಪಿಂಚಣಿ ಪಡೆಯಬೇಕಾದರೆ ಮದುವೆಯನ್ನು ರುಜುವಾತುಪಡಿಸಬೇಕಿತ್ತು. ಆದರೆ ಗುಲಾಮರ ಮದುವೆಯನ್ನು ಕಾನೂನು ಮಾನ್ಯ ಮಾಡಿರಲೇ ಇಲ್ಲ. ಕಾಗದ ಎಲ್ಲಿಂದ ಬರಬೇಕು? ನೆರೆಯವರನ್ನು, ಗಂಡನ ಜೊತೆಗಾರ ಸೈನಿಕರನ್ನು, ಸೂಲಗಿತ್ತಿಯನ್ನು ಕರೆತಂದು ಪ್ರಮಾಣ ಮಾಡಿಸಬೇಕಿತ್ತು. ಪ್ರತಿ ಅಫಿಡವಿಟ್ಟಿಗೂ ಶುಲ್ಕ, ಪ್ರತಿ ತಪ್ಪಿಗೂ ಮತ್ತೊಂದು ಅಫಿಡವಿಟ್. ಪಿಂಚಣಿ ದಲ್ಲಾಳಿಗಳ ಸುಲಿಗೆ ಎಷ್ಟಿತ್ತೆಂದರೆ ಅವರ ಶುಲ್ಕಕ್ಕೆ ಸಂಸತ್ತೇ ಮಿತಿ ಹಾಕಬೇಕಾಯಿತು. ಹೆರಿಗೆಯನ್ನು ಕಣ್ಣಾರೆ ಕಂಡ ಸೂಲಗಿತ್ತಿಯ ಮಾತಿಗೆ ಬೆಲೆ ಬರುವುದು, ಏನನ್ನೂ ಕಾಣದ ಅಪರಿಚಿತನೊಬ್ಬ ಮೊಹರು ಒತ್ತಿದ ಮೇಲೆ! ದಾಖಲೆ ಇಲ್ಲದಂತೆ ಮಾಡಿದವರೇ ಮುಂದೆ ದಾಖಲೆ ಕೇಳುವುದಕ್ಕಿಂತ ದೊಡ್ಡ ಕ್ರೌರ್ಯ ಯಾವುದಿದೆ?

ಚಿಕ್ಕದೆಂಬ ನೆಪ

'ಇದು ಗುಮಾಸ್ತಿಕೆಯ ಹುದ್ದೆ, ಇದರ ಬಗ್ಗೆ ಇಷ್ಟೊಂದು ಗದ್ದಲವೇಕೆ?' ಎಂದು ಕೇಳುವವರಿದ್ದಾರೆ. ಈ ವಾದದ ದ್ವಂದ್ವವನ್ನು ಗುರುತಿಸಬೇಕು. ಪಕ್ಷದವನಿಗೆ ಕೊಡುವಾಗ ಹುದ್ದೆ ಚಿಕ್ಕದು, ಪರೀಕ್ಷೆ ಬೇಡ, ತರಬೇತಿ ಬೇಡ. ಹೊರಗಿನವನು ಕೇಳಿದಾಗ ಅದೇ ಹುದ್ದೆ ಏಕಾಏಕಿ ಪವಿತ್ರವಾಗುತ್ತದೆ. ಸಂವಿಧಾನ, ಪರಂಪರೆ, ಧರ್ಮ, ಪೌರತ್ವ ಎಲ್ಲವೂ ಅಡ್ಡ ಬರುತ್ತವೆ. ಟೆಕ್ಸಾಸ್ ರಾಜ್ಯ ಪೌರನಲ್ಲದವನಿಗೆ ನೋಟರಿ ಹುದ್ದೆ ನಿರಾಕರಿಸಿದ್ದನ್ನು ಅಮೇರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ರದ್ದುಪಡಿಸಿತು. ನೋಟರಿಯ ಕೆಲಸ ನಿಯಮದಂತೆ ನಡೆಸುವ ಕೆಲಸವೇ ಹೊರತು ರಾಜ್ಯದ ನೀತಿ ರೂಪಿಸುವ ಅಧಿಕಾರವಲ್ಲ, ಅದಕ್ಕೆ ಪೌರತ್ವದ ಗೋಡೆ ಬೇಕಿಲ್ಲ ಎಂಬುದು ತೀರ್ಪಿನ ತಿರುಳು. ನೂರು ವರ್ಷಗಳ ಹಿಂದೆಯೇ ಹೇಳಬಹುದಾಗಿದ್ದ ಮಾತು ಅದು.

ಇನ್ನು ಹುದ್ದೆಯ ತೂಕಕ್ಕೆ ಒಂದು ದೃಷ್ಟಾಂತ. 1923ರ ಆಗಸ್ಟಿನಲ್ಲಿ ಅಧ್ಯಕ್ಷ ಹಾರ್ಡಿಂಗ್ ನಿಧನರಾದಾಗ ಉಪಾಧ್ಯಕ್ಷ ಕಾಲ್ವಿನ್ ಕೂಲಿಡ್ಜ್ ವರ್ಮಾಂಟಿನ ಹಳ್ಳಿಯೊಂದರ ತಂದೆಯ ಮನೆಯಲ್ಲಿದ್ದರು. ನೋಟರಿಯಾಗಿದ್ದ ತಂದೆಯೇ ನಡುರಾತ್ರಿ ಕಳೆದ ಮೇಲೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸಿದರು. ರಾಜ್ಯದ ನೋಟರಿಗೆ ಆ ಅಧಿಕಾರವಿದೆಯೇ ಎಂಬ ಸಂಶಯ ಹುಟ್ಟಿ, ಬಳಿಕ ವಾಷಿಂಗ್ಟನ್ನಿನಲ್ಲಿ ನ್ಯಾಯಾಧೀಶರೊಬ್ಬರಿಂದ ಸದ್ದಿಲ್ಲದೆ ಎರಡನೆಯ ಬಾರಿ ಪ್ರಮಾಣ ಮಾಡಿಸಲಾಯಿತು. ಅಧ್ಯಕ್ಷನ ಪ್ರಮಾಣದಲ್ಲಿ ಸಂಶಯವೆದ್ದರೆ ಎರಡನೆಯ ಅವಕಾಶವಿತ್ತು. ತನ್ನ ಕ್ರಯಪತ್ರದ ಮೊಹರು ಸುಳ್ಳೆಂದು ತಿಳಿದ ರೈತನಿಗೆ ಅಂತಹ ಎರಡನೆಯ ಅವಕಾಶ ಕೊಡುವವರು ಯಾರು?

ನಮಗಿರುವ ನಂಟು

ಈ ಚರಿತ್ರೆ ನಮಗೆ ತೀರಾ ಪರಕೀಯವಾದುದಲ್ಲ. ಅಮೇರಿಕದ ನೋಟರಿಯೂ ನಮ್ಮ ನೋಟರಿಯೂ ಇಂಗ್ಲೆಂಡಿನ ಒಂದೇ ಬೇರಿನಿಂದ ಚಿಗುರಿದವರು. ಚೆಕ್ ಬೌನ್ಸ್ ಪ್ರಕರಣಗಳ ಮೂಲಕ ಇಂದು ಪ್ರತಿ ವ್ಯಾಪಾರಿಗೂ ಪರಿಚಿತವಾಗಿರುವ 1881ರ ವಿನಿಮಯ ಪತ್ರಗಳ ಕಾನೂನಿನ 138ನೇ ಸೆಕ್ಷನ್ ಮೂಲತಃ ಚೆಕ್ಕಿನ ಕುರಿತಾದುದಾಗಿರಲಿಲ್ಲ. ಬ್ರಿಟಿಷ್ ಸರಕಾರಕ್ಕೆ ನೋಟರಿಗಳನ್ನು ನೇಮಿಸುವ ಅಧಿಕಾರ ಕೊಡುವ ಸೆಕ್ಷನ್ ಅದು. ಸ್ವಾತಂತ್ರ್ಯಾನಂತರ 1952ರ ನೋಟರಿ ಕಾನೂನು ಅದರ ಸ್ಥಾನಕ್ಕೆ ಬಂದು, ನೇಮಕದ ಅಧಿಕಾರವನ್ನು ಕೇಂದ್ರ ಮತ್ತು ರಾಜ್ಯ ಸರಕಾರಗಳಿಗೆ ಕೊಟ್ಟಿತು. ವಕೀಲಿಕೆಯ ಅನುಭವವನ್ನು ನಾವು ಅರ್ಹತೆಯಾಗಿ ಇಟ್ಟುಕೊಂಡದ್ದು ಅಮೇರಿಕದ ಹಳೆಯ ಪದ್ಧತಿಗಿಂತ ಮೇಲು. ಆದರೆ ನೇಮಿಸುವವರು ಸರಕಾರವೇ ಆಗಿರುವ ತನಕ, ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳುವ ಹಕ್ಕು ಮತ್ತು ಹೊಣೆ ಜನರಿಗಿದೆ.

ಒಂದು ಶತಮಾನದ ಅಮೇರಿಕದ ಅನುಭವ ಕಲಿಸುವ ಪಾಠಗಳು ಸರಳವಾಗಿವೆ. ಸಾರ್ವಜನಿಕ ವಿಶ್ವಾಸದ ಹುದ್ದೆ, ಅದು ಎಷ್ಟೇ ಚಿಕ್ಕದಿರಲಿ, ಗೆದ್ದ ಪಕ್ಷದ ಉಡುಗೊರೆಯಾಗಕೂಡದು. ಅದನ್ನು ಪಡೆಯುವವನ ಅರ್ಹತೆ ಬಹಿರಂಗವಾಗಿ ಪರೀಕ್ಷೆಗೊಳಗಾಗಬೇಕು. ತನಗೆ ಲಾಭವಿರುವ ಕಾಗದಕ್ಕೆ ಅವನು ಮೊಹರು ಒತ್ತುವಂತಿರಬಾರದು. ಧರ್ಮ, ಲಿಂಗ, ಜನಾಂಗಗಳ ಕಾರಣದಿಂದ ಯಾರನ್ನೂ ಆ ಮೇಜಿನಿಂದ ದೂರವಿಡಬಾರದು. ಮೇಜಿನ ಆಚೆ ಕೂರುವ ಹಕ್ಕಿಲ್ಲದ ಸಮುದಾಯಕ್ಕೆ ಮೇಜಿನ ಈಚೆಯೂ ನ್ಯಾಯ ದೊರೆಯದೆಂಬುದಕ್ಕೆ ಆ ವಿವಾಹಿತೆಯರೂ ಆ ವಿಧವೆಯರೂ ಸಾಕ್ಷಿ.

ದೊಡ್ಡ ಹುದ್ದೆಗಳಿಗಾಗಿ ಬೀದಿಗಿಳಿಯುವ ಸಮುದಾಯಗಳು ಸಣ್ಣ ಹುದ್ದೆಗಳ ಪಟ್ಟಿಯನ್ನು ತೆರೆದು ನೋಡುವುದೇ ಇಲ್ಲ. ಮಂತ್ರಿ ಯಾರಾದರೆಂದು ರಾತ್ರಿಯಿಡೀ ಚರ್ಚಿಸುವ ನಾವು, ನಮ್ಮ ಮಗಳ ಆಸ್ತಿಪತ್ರಕ್ಕೆ, ನಮ್ಮ ತಾಯಿಯ ಪಿಂಚಣಿಯ ಅರ್ಜಿಗೆ ಮೊಹರು ಒತ್ತುವವನನ್ನು ಯಾರು ನೇಮಿಸಿದರೆಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಮಂತ್ರಿ ಐದು ವರ್ಷಕ್ಕೆ ಬದಲಾಗುತ್ತಾನೆ. ಆ ಕಾಗದ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.